ಸಹಿ ಆದ ಮೇಲೆ ಸಂಸತ್ತಿನಲ್ಲಿ ಚರ್ಚೆ ಮಾಡಿ ಏನು ಪ್ರಯೋಜನ?

ಓದುಗರ ಪ್ರಶ್ನೆ: ಎರಡು ಸರ್ಕಾರಗಳು ಕೂತು ಮಾತಾಡಿ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿಬಿಟ್ಟಿರುತ್ತವೆ. ಆಮೇಲೆ ಸಂಸತ್ತಿನಲ್ಲಿ ಸದಸ್ಯರು ಎದ್ದು ನಿಂತು, ‘ಆ ದೇಶದಲ್ಲಿ ಜನರ ಹಕ್ಕುಗಳನ್ನು ತುಳಿಯುತ್ತಿದ್ದಾರೆ, ಅವರ ಜೊತೆ ವ್ಯಾಪಾರ ಬೇಡ’ ಎಂದು ಗಂಟೆಗಟ್ಟಲೆ ವಾದಿಸುತ್ತಾರೆ. ಇದರಿಂದ ಒಪ್ಪಂದ ನಿಲ್ಲುತ್ತದೆಯಾ, ಇಲ್ಲ ಸುಮ್ನೆ ಬಾಯಿಮಾತಾ?

ಉತ್ತರ: ಪೂರ್ತಿ ನಿಲ್ಲುವುದು ತೀರಾ ಅಪರೂಪ. ತಡವಾಗುವುದು ಮಾತ್ರ ಆಗಾಗ ನಡೆಯುತ್ತದೆ. ‘ಬೇಡ’ ಅನ್ನುವುದಕ್ಕಿಂತ ‘ಸ್ವಲ್ಪ ತಡೀರಿ’ ಅನ್ನುವುದರಲ್ಲೇ ಸಂಸತ್ತಿಗೆ ಜಾಸ್ತಿ ಬಲ ಇರುವುದು. ಸಹಿ ಬಿದ್ದ ದಿನವೇ ಒಪ್ಪಂದ ಜಾರಿಗೆ ಬರುವುದಿಲ್ಲ. ಸುಂಕ ಇಳಿಸಲು, ನಿಯಮ ಬದಲಿಸಲು ಹೆಚ್ಚಿನ ದೇಶಗಳಲ್ಲಿ ಕಾನೂನು ಬೇಕು. ಕಾನೂನು ಬೇಕೆಂದರೆ ಸದನದ ಮತ ಬೇಕು. ಸಹಿಗೂ ಮತಕ್ಕೂ ನಡುವೆ ಸಿಗುವ ಈ ಸಮಯದಲ್ಲೇ ಚೌಕಾಶಿ ನಡೆಯುತ್ತದೆ.

ಇದಕ್ಕೆ ಕೊಲಂಬಿಯಾದ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ದೇಶ ಒಂದೇ, ದೂರು ಒಂದೇ. ಚರ್ಚೆ ನಡೆದದ್ದು ಎರಡು ಕಡೆ, ಅಮೆರಿಕ ಮತ್ತು ಕೆನಡಾದಲ್ಲಿ.

ದೂರು ಏನೆಂದರೆ, ಕಾರ್ಮಿಕ ಸಂಘ ಕಟ್ಟುವವರಿಗೆ ಕೊಲಂಬಿಯಾದಷ್ಟು ಅಪಾಯಕಾರಿ ದೇಶ ಆಗ ಇನ್ನೊಂದಿರಲಿಲ್ಲ. ಸಂಘದ ಮುಖಂಡರು ಕೊಲೆಯಾಗುತ್ತಿದ್ದರು. ಕೊಂದವರಲ್ಲಿ ಹೆಚ್ಚಿನವರಿಗೆ ಶಿಕ್ಷೆಯೇ ಆಗುತ್ತಿರಲಿಲ್ಲ. ಅಂಥ ದೇಶದ ಸರಕಿಗೆ ಸುಂಕ ಬಿಟ್ಟುಕೊಡುವುದು ಎಂದರೆ ಬಹುಮಾನ ಕೊಟ್ಟ ಹಾಗೆ ಅಲ್ವಾ ಎಂದು ವಿರೋಧಿಗಳು ಕೇಳಿದರು. ವ್ಯಾಪಾರ ಬೆಳೆದರೆ ಕೆಲಸ ಹುಟ್ಟುತ್ತದೆ, ಕೆಲಸ ಸಿಕ್ಕರೆ ಹಿಂಸೆ ತಗ್ಗುತ್ತದೆ ಎಂಬುದು ಸರ್ಕಾರಗಳ ವಾದ. ಎಲ್ಲ ದೇಶಗಳಲ್ಲೂ ಈ ಎರಡು ವಾದಗಳೇ ಬಟ್ಟೆ ಬದಲಿಸಿಕೊಂಡು ಬರುತ್ತವೆ.

ಅಮೆರಿಕ ಕೊಲಂಬಿಯಾ ಜೊತೆಗಿನ ತನ್ನ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ್ದು 2006ರ ನವೆಂಬರ್‌ನಲ್ಲಿ. ಆಗ ಅಲ್ಲಿ ‘ಫಾಸ್ಟ್ ಟ್ರ್ಯಾಕ್’ ಎಂಬ ನಿಯಮ ಇತ್ತು. ಅಧ್ಯಕ್ಷರು ಮಸೂದೆ ಕಳಿಸಿದರೆ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಗೊತ್ತಾದ ದಿನಗಳೊಳಗೆ ಮತ ಹಾಕಲೇಬೇಕು, ತಿದ್ದುಪಡಿ ಮಾಡುವ ಹಾಗಿಲ್ಲ. 2008ರ ಏಪ್ರಿಲ್‌ನಲ್ಲಿ ಜಾರ್ಜ್ ಬುಷ್ ಮಸೂದೆ ಕಳಿಸಿದರು, ದಿನಗಳ ಲೆಕ್ಕ ಶುರುವಾಯಿತು. ಕೆಳಮನೆಯ ಸ್ಪೀಕರ್ ನ್ಯಾನ್ಸಿ ಪೆಲೋಸಿ ಒಪ್ಪಂದವನ್ನು ಸೋಲಿಸಲು ಹೋಗಲಿಲ್ಲ. ಆ ಲೆಕ್ಕವನ್ನೇ ನಿಲ್ಲಿಸಿಬಿಟ್ಟರು! ಏಪ್ರಿಲ್ 10ರಂದು ಸದನ ತನ್ನ ನಿಯಮವನ್ನೇ ಬದಲಿಸಿ, ಈ ಮಸೂದೆಗೆ ಗಡುವು ಅನ್ವಯಿಸುವುದಿಲ್ಲ ಎಂದಿತು. ಅಲ್ಲಿಂದ ಮೂರು ವರ್ಷ ಒಪ್ಪಂದ ಕಪಾಟಿನಲ್ಲಿ ಕೂತಿತು.

ಈ ಮೂರು ವರ್ಷಕ್ಕೆ ಬೆಲೆ ಸಿಕ್ಕಿತು. 2011ರ ಏಪ್ರಿಲ್‌ನಲ್ಲಿ ಬರಾಕ್ ಒಬಾಮ ಮತ್ತು ಕೊಲಂಬಿಯಾ ಅಧ್ಯಕ್ಷ ಹುವಾನ್ ಮ್ಯಾನುಯೆಲ್ ಸಾಂಟೋಸ್ ಒಂದು ಕಾರ್ಮಿಕ ಕಾರ್ಯಯೋಜನೆಗೆ ಒಪ್ಪಿದರು. ಪ್ರತ್ಯೇಕ ಕಾರ್ಮಿಕ ಸಚಿವಾಲಯ ತೆರೆಯುವುದು, 480 ಹೊಸ ಕಾರ್ಮಿಕ ನಿರೀಕ್ಷಕರನ್ನು ನೇಮಿಸುವುದು, ಬೆದರಿಕೆ ಇರುವ ಸಂಘದವರಿಗೆ ರಕ್ಷಣೆ ಹೆಚ್ಚಿಸುವುದು, ಎಲ್ಲದಕ್ಕೂ ದಿನಾಂಕ ಹಾಕಿ ಬರೆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು.

ಆದರೆ ಇಲ್ಲೊಂದು ತೂತು ಉಳಿಯಿತು. ಆ ಕಾರ್ಯಯೋಜನೆ ಒಪ್ಪಂದದ ಒಳಗೆ ಇರಲಿಲ್ಲ, ಬೇರೆ ಕಾಗದದಲ್ಲಿತ್ತು. ಯೋಜನೆ ಅರ್ಧಕ್ಕೇ ನಿಂತರೂ ಅದೇ ಕಾರಣಕ್ಕೆ ಸುಂಕದ ರಿಯಾಯಿತಿ ಹಿಂದಕ್ಕೆ ಪಡೆಯಲು ದಾರಿ ಇರಲಿಲ್ಲ. ಸಂಘದವರ ಕೊಲೆಗಳು ಆಮೇಲೂ ನಿಲ್ಲಲಿಲ್ಲ. ಮತ ಹಾಕಿದ ದಿನ ಸಂಸತ್ತಿನ ಕೈಯಿಂದ ಹಗ್ಗ ಜಾರಿಹೋಗುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ.

ಕೆನಡಾದಲ್ಲಿ ಹಗ್ಗ ಇನ್ನೂ ಬೇಗ ಜಾರಿತು. 2008ರ ಜೂನ್‌ನಲ್ಲಿ ಅಲ್ಲಿನ ಕೆಳಮನೆಯ ವ್ಯಾಪಾರ ಸಮಿತಿಯೇ, ಮೊದಲು ಸ್ವತಂತ್ರ ತಜ್ಞರಿಂದ ಮಾನವ ಹಕ್ಕುಗಳ ಮೇಲಿನ ಪರಿಣಾಮದ ಅಧ್ಯಯನ ಆಗಲಿ ಎಂದು ಶಿಫಾರಸು ಮಾಡಿತ್ತು. ಅದಕ್ಕೆ ಕಾಯದೆ ಸರ್ಕಾರ ನವೆಂಬರ್‌ನಲ್ಲಿ ಕೊಲಂಬಿಯಾ ಜೊತೆ ತನ್ನದೇ ಒಪ್ಪಂದಕ್ಕೆ ಸಹಿ ಹಾಕಿತು. ಪ್ರಧಾನಿ ಸ್ಟೀಫನ್ ಹಾರ್ಪರ್ ಅವರದು ಬಹುಮತ ಇಲ್ಲದ ಸರ್ಕಾರ. ಎನ್‌ಡಿಪಿ ಮತ್ತು ಬ್ಲಾಕ್ ಕೆಬೆಕ್ವಾ ಎಂಬ ವಿರೋಧ ಪಕ್ಷಗಳು ಮಸೂದೆಯನ್ನು ಎಳೆದಾಡಿ ಎಳೆದಾಡಿ 2009 ಕಳೆಯಿತು. ವರ್ಷದ ಕೊನೆಗೆ ಅಧಿವೇಶನವೇ ಮುಗಿದು ಮಸೂದೆ ಬಿದ್ದುಹೋಯಿತು. ಮುಂದಿನ ವರ್ಷ ಅದೇ ಮಸೂದೆ ಹೊಸ ಸಂಖ್ಯೆ ಹೊತ್ತು ಮತ್ತೆ ಬಂತು. ಆಗ ಲಿಬರಲ್ ಪಕ್ಷದ ಸ್ಕಾಟ್ ಬ್ರೈಸನ್ ಮಧ್ಯದ ದಾರಿ ತೋರಿಸಿದರು. ಒಪ್ಪಂದದಿಂದ ಮಾನವ ಹಕ್ಕುಗಳ ಮೇಲೆ ಏನಾಯಿತು ಎಂದು ಎರಡೂ ಸರ್ಕಾರಗಳು ಪ್ರತಿ ವರ್ಷ ತಮ್ಮ ಸಂಸತ್ತಿಗೆ ವರದಿ ಕೊಡಬೇಕು. ಅದನ್ನು ನಂಬಿ ಲಿಬರಲ್ಲರು ಬೆಂಬಲ ಕೊಟ್ಟರು. 2010ರ ಜೂನ್‌ನಲ್ಲಿ ಅದು ಕಾನೂನಾಯಿತು.

ಮೊದಲ ವರದಿ 2012ರ ಮೇ ತಿಂಗಳಲ್ಲಿ ಬಂತು. ಒಪ್ಪಂದ ಜಾರಿಗೆ ಬಂದದ್ದು 2011ರ ಆಗಸ್ಟ್‌ನಲ್ಲಿ. ಹಾಗಾಗಿ ಇನ್ನೂ ಸಾಕಷ್ಟು ಮಾಹಿತಿ ಇಲ್ಲ, ಈಗಲೇ ಏನೂ ಹೇಳಲಾಗದು ಎಂಬ ಅರ್ಥದ ವರದಿ ಅದು. ತಪ್ಪೇನೂ ಇಲ್ಲ, ನಿಜವೇ. ಆದರೆ ತನ್ನ ಒಪ್ಪಂದಕ್ಕೆ ಸರ್ಕಾರವೇ ಅಂಕ ಹಾಕಿಕೊಳ್ಳುವ ವ್ಯವಸ್ಥೆಯಿಂದ ಇನ್ನೇನು ಬಂದೀತು? ವರದಿಯಲ್ಲಿ ಏನೇ ಬರೆದಿದ್ದರೂ ಅದರಿಂದ ಸುಂಕ ಬದಲಾಗುವುದಿಲ್ಲ.

ಹಾಗಾದರೆ ಚರ್ಚೆಯಿಂದ ಒಪ್ಪಂದದ ಬರಹವೇ ಬದಲಾದದ್ದು ಇದೆಯಾ? ಇದೆ. ಅಮೆರಿಕ, ಮೆಕ್ಸಿಕೊ, ಕೆನಡಾ ಮೂರೂ 2018ರಲ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕಿದ್ದವು. ಅಮೆರಿಕದ ಕೆಳಮನೆಯಲ್ಲಿ ಬಹುಮತ ಇದ್ದ ಡೆಮಾಕ್ರಟ್ ಪಕ್ಷದ ಸದಸ್ಯರು ಹೀಗೇ ಬಿಟ್ಟರೆ ಮತ ಹಾಕಲ್ಲ ಎಂದು ಪಟ್ಟು ಹಿಡಿದರು. ಸಹಿ ಆಗಿದ್ದ ಒಪ್ಪಂದವನ್ನು 2019ರ ಡಿಸೆಂಬರ್‌ನಲ್ಲಿ ಮತ್ತೆ ತಿದ್ದಬೇಕಾಯಿತು. ಒಂದೊಂದು ಕಾರ್ಖಾನೆಯ ಮೇಲೂ ದೂರು ಕೊಡಬಹುದಾದ ವ್ಯವಸ್ಥೆ ಅದರಲ್ಲಿ ಸೇರಿತು. ಕಾರ್ಮಿಕರ ಸಂಘಟನೆಯ ಹಕ್ಕು ಕಿತ್ತುಕೊಂಡರೆ ಆ ಕಾರ್ಖಾನೆಯ ಸರಕಿಗೇ ಸುಂಕ ಬೀಳಬಹುದು. 2021ರಲ್ಲಿ ಮೆಕ್ಸಿಕೊದ ಸಿಲಾವ್ ಊರಿನ ಜನರಲ್ ಮೋಟಾರ್ಸ್ ಟ್ರಕ್ ಕಾರ್ಖಾನೆಯ ವಿಷಯದಲ್ಲಿ ಮೊದಲ ಸಲ ಇದನ್ನು ಬಳಸಿದರು. ಅಲ್ಲಿ ಕಾರ್ಮಿಕರ ಮತದಾನದಲ್ಲಿ ಅಕ್ರಮ ನಡೆದು ಮತಪತ್ರಗಳು ನಾಶವಾಗಿದ್ದವು. ಮತ್ತೆ ಮತದಾನ ಆಯಿತು. 2022ರ ಫೆಬ್ರವರಿಯಲ್ಲಿ ಸ್ವತಂತ್ರ ಸಂಘ ಗೆದ್ದಿತು. ಕೊಲಂಬಿಯಾದ ಬೇರೆ ಕಾಗದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ಷರತ್ತು ಒಪ್ಪಂದದ ಒಳಗಿತ್ತು.

ಯುರೋಪಿಯನ್ ಸಂಸತ್ತಿಗೆ ತಿದ್ದುವ ಹಕ್ಕಿಲ್ಲ, ಹೌದು ಅಥವಾ ಇಲ್ಲ ಅನ್ನಬಹುದು ಅಷ್ಟೇ. ಅದಕ್ಕೇ ಅಲ್ಲಿ ಮತಕ್ಕೆ ಮುಂಚಿನ ತಿಂಗಳುಗಳು ಮುಖ್ಯ. ವಿಯೆಟ್ನಾಂ ಒಪ್ಪಂದ ಮತಕ್ಕೆ ಬರುವ ಮುಂಚೆ, 2019ರಲ್ಲಿ, ವೇತನ ಮತ್ತು ಕೆಲಸದ ಷರತ್ತುಗಳ ಬಗ್ಗೆ ಸಂಘದ ಮೂಲಕ ಮಾತುಕತೆ ನಡೆಸುವ ಹಕ್ಕಿನ ಅಂತರರಾಷ್ಟ್ರೀಯ ಒಡಂಬಡಿಕೆಗೆ ಆ ದೇಶ ಸೇರಿತು. ಅದೇ ವರ್ಷ ನವೆಂಬರ್‌ನಲ್ಲಿ, ಹಕ್ಕುಗಳು ಸುಧಾರಿಸುವವರೆಗೆ ಒಪ್ಪಂದ ತಡೆಹಿಡಿಯಿರಿ ಎಂದು ಯುರೋಪಿಯನ್ ಸಂಸತ್ತನ್ನು ಕೇಳಿಕೊಂಡಿದ್ದ ಸ್ವತಂತ್ರ ಪತ್ರಕರ್ತರೊಬ್ಬರನ್ನು ವಿಯೆಟ್ನಾಂ ಬಂಧಿಸಿತು. 2020ರ ಫೆಬ್ರವರಿಯಲ್ಲಿ ಸಂಸತ್ತು ಒಪ್ಪಂದಕ್ಕೆ ‘ಹೌದು’ ಎಂದಿತು, 401 ಮತಗಳು ಪರ, 192 ವಿರುದ್ಧ. ಮರುವರ್ಷ ಜನವರಿಯಲ್ಲಿ ಆ ಪತ್ರಕರ್ತರಿಗೆ 15 ವರ್ಷ ಜೈಲು ಆಯಿತು.

ಇವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಹಗ್ಗ ಇರುವುದು ಬ್ರಿಟನ್ನಿನ ಸಂಸತ್ತಿಗೆ. 2010ರ ಕಾನೂನಿನ ಪ್ರಕಾರ ಒಪ್ಪಂದವನ್ನು ಸದನದ ಮುಂದೆ 21 ಕಲಾಪ ದಿನ ಇಡಬೇಕು. ಆ ದಿನಗಳಲ್ಲಿ ಕೆಳಮನೆ ಬೇಡ ಎಂದು ಠರಾವು ಮಾಡಿದರೆ ತಡವಾಗುತ್ತದೆ. ಆದರೆ ಚರ್ಚೆ ಇಡಲೇಬೇಕು, ಮತ ಹಾಕಿಸಲೇಬೇಕು ಎಂದು ಎಲ್ಲೂ ಬರೆದಿಲ್ಲ. ಯಾರೂ ಬಾಯಿ ಬಿಡದಿದ್ದರೆ ಒಪ್ಪಿಗೆ ಸಿಕ್ಕ ಹಾಗೆ.

ಇದನ್ನು ಸರಿಮಾಡಲು ಮೇಲ್ಮನೆಯ ಲಾರ್ಡ್ ಆಲ್ಟನ್ 2020ರಲ್ಲಿ ವ್ಯಾಪಾರ ಮಸೂದೆಗೆ ಒಂದು ತಿದ್ದುಪಡಿ ತಂದರು. ಒಪ್ಪಂದದ ಇನ್ನೊಂದು ದೇಶ ಜನಾಂಗಹತ್ಯೆ ಮಾಡುತ್ತಿದೆ ಎಂದು ಹೈಕೋರ್ಟ್ ಮೇಲ್ನೋಟಕ್ಕೆ ತೀರ್ಮಾನಿಸಿದರೆ ಒಪ್ಪಂದ ರದ್ದಾಗಬೇಕು. ಎಲ್ಲರ ಮನಸ್ಸಿನಲ್ಲಿದ್ದದ್ದು ಚೀನಾದ ಷಿನ್‌ಜಿಯಾಂಗ್‌ನ ಉಯಿಗರ್ ಮುಸ್ಲಿಮರು. ಜನಾಂಗಹತ್ಯೆ ಹೌದೋ ಅಲ್ಲವೋ ಅನ್ನುವುದನ್ನು ನ್ಯಾಯಾಲಯವೇ ಹೇಳಬೇಕು ಎಂಬುದು ಬ್ರಿಟಿಷ್ ಸರ್ಕಾರದ ಹಳೆಯ ನಿಲುವು. ಆದರೆ ಯಾವ ನ್ಯಾಯಾಲಯ? ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ ಚೀನಾ ಸೇರಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಪ್ರಕರಣವನ್ನು ಅಲ್ಲಿಗೆ ಕಳಿಸಬಹುದು, ಆದರೆ ಮಂಡಳಿಯಲ್ಲಿ ಚೀನಾದ ಕೈಯಲ್ಲಿ ವೀಟೋ ಇದೆ. ಹಾಗಾದರೆ ನಮ್ಮ ಹೈಕೋರ್ಟೇ ಹೇಳಲಿ ಎಂದರು ಆಲ್ಟನ್. ವ್ಯಾಪಾರ ನೀತಿಯಲ್ಲಿ ನ್ಯಾಯಾಧೀಶರು ಬರಬಾರದು ಎಂದಿತು ಸರ್ಕಾರ.

ಮೇಲ್ಮನೆ ಈ ವಿಚಾರವನ್ನು ಮಾತು ಬದಲಿಸಿ ಬದಲಿಸಿ ಮೂರು ಸಲ ಕಳಿಸಿತು. 2021ರ ಜನವರಿ 19ರಂದು ಕೆಳಮನೆಯಲ್ಲಿ ಅದು ಸೋತದ್ದು 319–308 ಮತಗಳಲ್ಲಿ, ಬರೀ 11ರ ಅಂತರ. ಆಡಳಿತ ಪಕ್ಷದವರೇ ಹಲವರು ತಿರುಗಿಬಿದ್ದಿದ್ದರು. ಕೊನೆಗೆ ಉಳಿದದ್ದು ಒಂದು ರಾಜಿ: ನ್ಯಾಯಾಲಯದ ಬದಲು ಸಂಸದರ ಸಮಿತಿ ವರದಿ ಬರೆಯುತ್ತದೆ, ಸರ್ಕಾರ ಅದಕ್ಕೆ ಉತ್ತರ ಕೊಡುತ್ತದೆ.

ಏಪ್ರಿಲ್ 22ರಂದು ಅದೇ ಕೆಳಮನೆ, ಷಿನ್‌ಜಿಯಾಂಗ್‌ನಲ್ಲಿ ಜನಾಂಗಹತ್ಯೆ ನಡೆಯುತ್ತಿದೆ ಎಂದು ನಿರ್ಣಯ ಮಾಡಿತು. ಸರ್ಕಾರ ಅದನ್ನು ಪಾಲಿಸಲೇಬೇಕು ಎಂದೇನಿಲ್ಲ. ಒಂದು ವಾರ ಕಳೆದು, ಏಪ್ರಿಲ್ 29ರಂದು, ಹೈಕೋರ್ಟಿನ ಮಾತೇ ಇಲ್ಲದ ವ್ಯಾಪಾರ ಕಾನೂನಿಗೆ ರಾಣಿಯ ಅಂಕಿತ ಬಿತ್ತು.