ಗುಪ್ತಲಿಪಿ: ಮೊದಲು ಒಡೆಯಲು ಬಿಡಿ

ಚುರುಕು ಮಕ್ಕಳಿಗೆ ಗುಪ್ತಲಿಪಿ ಕಲಿಸುವವರು ಸಾಮಾನ್ಯವಾಗಿ ರೋಮಿನ ಸೀಸರನ ಸೈಫರ್‌ನಿಂದ (ಸೈಫರ್ ಅಂದರೆ ಗುಪ್ತಲಿಪಿ) ಶುರು ಮಾಡುತ್ತಾರೆ. ಪ್ರತಿ ಅಕ್ಷರವನ್ನೂ ಮೂರು ಸ್ಥಾನ ಮುಂದಕ್ಕೆ ಸರಿಸುವುದು, ಅಷ್ಟೇ. ಆದರೆ ಎರಡು ತರಗತಿ ಅದರಲ್ಲೇ ಕಳೆದರೆ ಈ ಮಕ್ಕಳಿಗೆ ಬೇಜಾರಾಗುತ್ತದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಇರುವುದೇ 25 ಕೀಲಿ, ಅಂದರೆ ಅಕ್ಷರ ಸರಿಸಬಹುದಾದ 25 ದೂರ. ಸುಮ್ನೆ ಒಂದೊಂದಾಗಿ ಹಾಕಿ ನೋಡಿದರೂ ಸಂದೇಶ ಸಿಕ್ಕಿಬಿಡುತ್ತದೆ.

ಅದನ್ನು ಬೇಗ ಮುಗಿಸಿ, 26 ಅಕ್ಷರಗಳನ್ನು ಹೇಗೆ ಬೇಕಾದರೂ ಅದಲುಬದಲು ಮಾಡಿದರೆ ಎಷ್ಟು ಕೀಲಿಗಳಾಗುತ್ತವೆ ಎಂದು ಕೇಳಿ. ಹೆಚ್ಚುಕಡಿಮೆ 4ರ ಮುಂದೆ 26 ಸೊನ್ನೆ. ಹಾಗಾದರೆ ಒಡೆಯೋಕೆ ಸಾಧ್ಯವೇ ಇಲ್ಲ ಅಲ್ವಾ ಎನ್ನುತ್ತಾರೆ. ಆಗ ಮುನ್ನೂರು ಅಕ್ಷರದ ಒಂದು ಸಂದೇಶ ಕೊಟ್ಟು ಸುಮ್ಮನಿರಿ. ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂಬ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದುಬಿಟ್ಟರೆ ಮಗುವಿಗೆ ಸಿಗಬೇಕಾದ ಸಂತೋಷವನ್ನು ನಾವೇ ಕಿತ್ತುಕೊಂಡ ಹಾಗೆ. ಯಾರಾದರೂ ಒಬ್ಬರು ಅಕ್ಷರ ಎಣಿಸಲು ಶುರು ಮಾಡಿಯೇ ಮಾಡುತ್ತಾರೆ. ಬಾಗ್ದಾದಿನ ವಿದ್ವಾಂಸ ಅಲ್-ಕಿಂದಿ 9ನೇ ಶತಮಾನದಲ್ಲೇ ಇದೇ ದಾರಿಯನ್ನು ಬರೆದಿಟ್ಟಿದ್ದ ಎಂದು ಆಮೇಲೆ ಹೇಳಿ.

ಇಂಗ್ಲಿಷ್ ಬರಹದಲ್ಲಿ ಸುಮಾರು ನೂರಕ್ಕೆ ಹನ್ನೆರಡು ಅಕ್ಷರ 'ಇ' (E). ಅದು ಸುಲಭವಾಗಿ ಸಿಗುತ್ತದೆ. ನಂತರದ 'ಟಿ', 'ಎ', 'ಓ' ಇಷ್ಟು ಚಿಕ್ಕ ಬರಹದಲ್ಲಿ ಹಿಂದುಮುಂದಾಗುತ್ತವೆ. ಎಣಿಕೆ ಅಲ್ಲಿಗೆ ನಿಲ್ಲುತ್ತದೆ, ಊಹೆ ಶುರುವಾಗುತ್ತದೆ. ಊಹಿಸಬೇಕು, ತಪ್ಪಾದರೆ ಅಳಿಸಬೇಕು. ಮೊದಲ ಸಲಕ್ಕೇ ಸರಿ ಉತ್ತರ ಹೇಳಿ ರೂಢಿಯಾದ ಮಕ್ಕಳಿಗೆ ಇದು ತುಂಬಾ ಕಷ್ಟ. ಅದಕ್ಕೇ ಈ ವಿಷಯ ಅವರಿಗೆ ಬೇಕು ಎಂದು ನಾನು ಒತ್ತಿ ಹೇಳುವುದು. ಸಿಕ್ಕಿಹಾಕಿಕೊಂಡಾಗ ಸುಳಿವು ಕೊಡಲು ಅವಸರ ಪಡಬೇಡಿ.

ಆಮೇಲೆ ವಿಜನೇರ್ ಸೈಫರ್. ಇಲ್ಲಿ ಕೀಲಿ ಒಂದು ಪದ. ಅದರ ಒಂದೊಂದು ಅಕ್ಷರಕ್ಕೂ ಸರಿಸುವ ದೂರ ಬೇರೆ, ಪದ ಮುಗಿದರೆ ಮತ್ತೆ ಮೊದಲಿನಿಂದ ಬಳಸುತ್ತಾರೆ, ಹಾಗಾಗಿ ಬರೀ ಎಣಿಸಿದರೆ ಏನೂ ಕಾಣುವುದಿಲ್ಲ. ಸಂದೇಶದಲ್ಲಿ ಮತ್ತೆ ಮತ್ತೆ ಬರುವ ಮೂರಕ್ಷರದ ತುಣುಕು ಹುಡುಕಲು ಹೇಳಿ. ಒಂದು ತುಣುಕು 20 ಅಕ್ಷರದ ನಂತರ ಮತ್ತೆ ಬಂತು, ಇನ್ನೊಂದು 35ರ ನಂತರ ಬಂತು ಎನ್ನಿ. ಎರಡನ್ನೂ ಭಾಗಿಸುವುದು 5. ಕೀಲಿಪದದಲ್ಲಿ ಬಹುಶಃ ಐದು ಅಕ್ಷರ ಇವೆ. 1, 6, 11ನೇ ಅಕ್ಷರಗಳನ್ನು ಒಂದು ಸಾಲಿನಲ್ಲಿ, 2, 7, 12ನೇ ಅಕ್ಷರಗಳನ್ನು ಇನ್ನೊಂದರಲ್ಲಿ, ಹೀಗೆ ಐದು ಸಾಲು ಬರೆದರೆ ಐದು ಸೀಸರ್ ಸೈಫರ್ ಸಿಗುತ್ತವೆ! ಮಹತ್ತಮ ಸಾಮಾನ್ಯ ಭಾಜಕ ಯಾಕೆ ಕಲಿಯಬೇಕು ಎಂದು ಆ ಹೊತ್ತಿಗೆ ಯಾರೂ ಕೇಳುವುದಿಲ್ಲ. ಪ್ರಷ್ಯಾದ ಸೇನಾಧಿಕಾರಿ ಕಾಸಿಸ್ಕಿ ಈ ಉಪಾಯವನ್ನು 1863ರಲ್ಲಿ ಪ್ರಕಟಿಸಿದ. ಅವನಿಗಿಂತ ಮುಂಚೆ ಇಂಗ್ಲೆಂಡಿನ ಗಣಿತಜ್ಞ ಬ್ಯಾಬೇಜ್ ಇಂಥ ಸೈಫರ್ ಒಡೆದಿದ್ದ, ಆದರೆ ದಾರಿಯನ್ನು ಪ್ರಕಟಿಸಲಿಲ್ಲ.

ಇಷ್ಟಾದ ಮೇಲೆ ತಮ್ಮದೇ ಸೈಫರ್ ಮಾಡಲು ಬಿಡಿ. 1883ರಲ್ಲಿ ಡಚ್ ಭಾಷಾತಜ್ಞ ಕೆರ್ಕಾಫ್ಸ್ ಹಾಕಿಕೊಟ್ಟ ನಿಯಮ ಇರಲಿ: ವಿಧಾನ ಎದುರಾಳಿಗೆ ಗೊತ್ತಿದ್ದರೂ ಪರವಾಗಿಲ್ಲ, ಕೀಲಿ ಮಾತ್ರ ಗುಟ್ಟಾಗಿರಬೇಕು. ವಿಧಾನವನ್ನು ಬರೆದು ಇನ್ನೊಂದು ಗುಂಪಿನ ಕೈಗೆ ಕೊಡಲಿ. ಸಂದೇಶ ಉದ್ದವಾಗಿರಲಿ. ಒಂದೇ ಸಾಲು ಕೊಟ್ಟು ಯಾರಿಂದಲೂ ಒಡೆಯೋಕೆ ಆಗಲಿಲ್ಲ ಎಂದರೆ ಅದು ಲೆಕ್ಕಕ್ಕಿಲ್ಲ.