ಬೇಳೆ ಪ್ಯಾಕೆಟಿನ ಬೆಲೆಗೆ ಮಾರಾಟದ ಖರ್ಚು ಸೇರಿಸಬೇಕಾ?

ಪ್ರಶ್ನೆ: ನಾವು ಆಳಂದ ತಾಲ್ಲೂಕಿನ ಮಹಿಳಾ ಸಂಘದವರು. ತೊಗರಿ ಬೇಳೆ ಮಾಡಿಸಿ, ಒಂದು ಕಿಲೋ ಪ್ಯಾಕೆಟ್ ಕಟ್ಟಿ ಕಲಬುರಗಿಯ ಅಂಗಡಿಗಳಿಗೆ ಕೊಡುತ್ತೇವೆ. ಜಾಹೀರಾತು ಅಂತ ಏನೂ ಮಾಡಲ್ಲ. ಆದರೂ ಬೆಲೆ ಕಟ್ಟುವಾಗ ಮಾರುಕಟ್ಟೆ ವೆಚ್ಚ ಹಾಕಬೇಕಾ?

ಉತ್ತರ: ಹಾಕಲೇಬೇಕು. ಜಾಹೀರಾತು ಈ ವೆಚ್ಚದ ಒಂದು ಭಾಗ ಅಷ್ಟೇ. ಬೇಳೆ ಗಿರಣಿಯಿಂದ ಹೊರಟು, ಗಿರಾಕಿ ಕೈ ಸೇರಿ, ದುಡ್ಡು ನಿಮ್ಮ ಕೈಗೆ ಬರುವ ತನಕ ಆಗುವ ಖರ್ಚೆಲ್ಲ ಮಾರುಕಟ್ಟೆ ವೆಚ್ಚವೇ. ಟಂಟಂ (ಮೂರು ಚಕ್ರದ ಗಾಡಿ) ಬಾಡಿಗೆ, ಹಮಾಲಿ, ಹರಿದ ಪ್ಯಾಕೆಟ್, ಮೇಳದಲ್ಲಿ ಹಾಕಿದ ಮಳಿಗೆಯ ಬಾಡಿಗೆ, ಫೋನ್ ಖರ್ಚು ಎಲ್ಲ ಸೇರುತ್ತದೆ. ಉದ್ರಿಯೂ ಸೇರುತ್ತದೆ. ಇದನ್ನು ತುಂಬಾ ಜನ ಬರೆದಿಡುವುದೇ ಇಲ್ಲ. ಅಂಗಡಿಯವರು ಒಂದು ತಿಂಗಳು ಬಿಟ್ಟು ದುಡ್ಡು ಕೊಟ್ಟರೆ, ಆ ತಿಂಗಳ ಬಡ್ಡಿ ನಿಮ್ಮ ಮೇಲೇ ಬಿತ್ತು ಅಲ್ವಾ?

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ವಹಿಯಲ್ಲಿರುವುದನ್ನು ಹಾಕಿಕೊಳ್ಳಿ. ತೆರಿಗೆ ಇದ್ದರೆ ಬೇರೆ ಸೇರಿಸಿ.

ತೊಗರಿ, ಗಿರಣಿ ಕೂಲಿ, ಪ್ಯಾಕೆಟ್ ಸೇರಿ, ಹೊಟ್ಟು ನುಚ್ಚು ಮಾರಿ ಬಂದದ್ದನ್ನು ಕಳೆದು, ಕಿಲೋಗೆ 112 ರೂ. ಬಿತ್ತು ಅನ್ನಿ. ಇದು ಉತ್ಪಾದನೆ ವೆಚ್ಚ. ಇನ್ನು ಮಾರಾಟದ್ದು: ಹೊರಗಿನ ದೊಡ್ಡ ಚೀಲ 1 ರೂ., ಟಂಟಂ ಮತ್ತು ಹಮಾಲಿ 2 ರೂ., ಹರಿದದ್ದು ಮತ್ತು ಸ್ಯಾಂಪಲ್ 1 ರೂ., ನೂರಕ್ಕೆ ಒಂದು ರೂಪಾಯಿಯಂತೆ ಉದ್ರಿ ಬಡ್ಡಿ ಸುಮಾರು 1 ರೂ. ಒಟ್ಟು 5 ರೂ. ಇದರ ಮೇಲೆ ಫೋನ್, ಮಳಿಗೆ ಬಾಡಿಗೆಯಂಥ, ಎಷ್ಟೇ ಮಾರಿದರೂ ತಿಂಗಳಿಗೆ ತಪ್ಪದೆ ಆಗುವ ಮಾರಾಟದ ಖರ್ಚು 6,000 ರೂ. ತಿಂಗಳಿಗೆ 1,000 ಕಿಲೋ ಹೋದರೆ ಕಿಲೋಗೆ 6 ರೂ. ಅಲ್ಲಿಗೆ 123 ರೂ. ಆಯಿತು. ಲಾಭ 7 ರೂ. ಇಟ್ಟರೆ ಅಂಗಡಿಗೆ ಕೊಡುವ ದರ 130.

ಮಾರಾಟ 500 ಕಿಲೋಗೆ ಇಳಿದರೆ ಆ 6 ರೂ. 12 ಆಗುತ್ತದೆ. ಅದೇ 130ಕ್ಕೆ ಕೊಟ್ಟರೆ ಉಳಿಯುವುದು ಒಂದೇ ರೂಪಾಯಿ. ಬೇಳೆ ದರ ಏರಿಲ್ಲ, ಇಳಿದಿಲ್ಲ, ಆದರೂ ಲಾಭ ಕರಗಿತು. ಸಂಘಗಳು ಸೋಲುವುದು ಹೆಚ್ಚಾಗಿ ಇಲ್ಲೇ ಅನ್ನುವುದು ನನ್ನ ಅನಿಸಿಕೆ. ಹಾಗಾಗಿ ಎಷ್ಟು ಕಿಲೋ ಹೋಗುತ್ತದೆ ಅನ್ನುವ ಅಂದಾಜನ್ನು ಸ್ವಲ್ಪ ಕಡಿಮೆಯೇ ಹಿಡಿಯಿರಿ.

ಈಗ ಅಂಗಡಿಯವರ ಪಾಲು. ಅವರು ಎಂಆರ್‌ಪಿ ಮೇಲೆ ನೂರಕ್ಕೆ 10 ಕೇಳುತ್ತಾರೆ ಅನ್ನಿ. 130ಕ್ಕೆ 13 ಸೇರಿಸಿ 143 ಅಂತ ಅಚ್ಚು ಹಾಕಿಸಬೇಡಿ. 143ರಲ್ಲಿ ಅವರು 14.30 ಹಿಡಿಯುತ್ತಾರೆ, ನಿಮಗೆ ಬರುವುದು 128.70. ಏಳು ರೂಪಾಯಿ ಲಾಭದಲ್ಲಿ 1.30 ಹೋದರೆ ಅದು ಸಣ್ಣ ಮಾತಲ್ಲ. 130ನ್ನು 0.90ರಿಂದ ಭಾಗಿಸಿ, 144.44 ಬರುತ್ತದೆ. 145 ಇಡಿ.

ಇಷ್ಟೆಲ್ಲ ಕೂಡಿಸಿ ಬಂದದ್ದನ್ನು ಗಿರಾಕಿ ಕೊಡಲೇಬೇಕು ಅಂತೇನಿಲ್ಲ. ಪಕ್ಕದಲ್ಲೇ ಬಿಡಿ ಬೇಳೆ 125ಕ್ಕೆ ಸಿಗುತ್ತಿದ್ದರೆ, ನಿಮ್ಮ 145ಕ್ಕೆ ಕಾರಣ ಕಾಣಬೇಕು. ಕಲ್ಲು ಕಸ ಇಲ್ಲದಿರುವುದು, ಬೇಗ ಬೇಯುವುದು, ನಮ್ಮೂರಿನ ತೊಗರಿ ಅನ್ನುವ ಹೆಸರು. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು, ಅಂದರೆ ಇದು ಈ ಊರಿನದೇ ಅನ್ನುವ ಕಾನೂನಿನ) ಮಾನ್ಯತೆ ಬಂದಿದೆ. ಆದರೆ ಸುಮ್ನೆ ಪ್ಯಾಕೆಟ್ ಮೇಲೆ ಜಿಐ ಗುರುತು ಹಾಕಿಕೊಳ್ಳುವಂತಿಲ್ಲ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಅದರ ಓಡಾಟದ ಖರ್ಚನ್ನೂ ಮಾರಾಟದ ಲೆಕ್ಕಕ್ಕೇ ಬರೆಯಿರಿ.

ಗಂಜ್‌ಗೆ, ಅಂದರೆ ಸಗಟು ಮಾರುಕಟ್ಟೆಗೆ, ತೊಗರಿ ಒಯ್ಯುವ ರೈತರಿಗೆ ಇದೇ ಖರ್ಚು ಉಲ್ಟಾ ಕೆಲಸ ಮಾಡುತ್ತದೆ. ಅಲ್ಲಿ ದರ ಹರಾಜಿನಲ್ಲಿ ಆಗುತ್ತದೆ. ಬಾಡಿಗೆ, ಚೀಲ, ಕೂಲಿಯನ್ನು ಬೆಲೆಗೆ ಸೇರಿಸಲು ಬರುವುದಿಲ್ಲ, ಸಿಕ್ಕಿದ ದರದಲ್ಲೇ ಕಳೆದುಕೊಳ್ಳಬೇಕು. ನೀವು ಪ್ಯಾಕೆಟ್ ಕಟ್ಟಿದ್ದರಿಂದ ನಿಮಗೆ ಬೆಲೆ ಹೇಳುವ ಅಧಿಕಾರ ಸ್ವಲ್ಪವಾದರೂ ಸಿಕ್ಕಿದೆ. ಅದನ್ನು ಅಂದಾಜಿನ ಮೇಲೆ ಬಿಟ್ಟುಕೊಡಬೇಡಿ.

ಇನ್ನೊಂದು ವಿಷಯ. ವರ್ಷದ ಕೊನೆಗೆ ಮಾರದೆ ಉಳಿದ ಪ್ಯಾಕೆಟ್‌ಗಳನ್ನು ಲೆಕ್ಕಕ್ಕೆ ಹಿಡಿಯುವಾಗ 112ರ ದರವೇ ಹಾಕಿ, 123 ಅಲ್ಲ. ಮಾರಾಟದ ಖರ್ಚನ್ನು ದಾಸ್ತಾನಿನ ಬೆಲೆಗೆ ಸೇರಿಸಬಾರದು ಅನ್ನುವುದು ಲೆಕ್ಕಪತ್ರದ ನಿಯಮ. ಮಾರುಕಟ್ಟೆ ದರ ಕುಸಿದು, ಖರ್ಚು ಕಳೆದು 112ಕ್ಕಿಂತ ಕಡಿಮೆ ಬರುವಂತಿದ್ದರೆ ಆ ಕಡಿಮೆ ದರವನ್ನೇ ಬರೆಯಬೇಕು.