ಲಂಗರು ಹಾಕಿದ ಮೇಲೆ ಕೆಂಪು, ಹಸಿರು ದೀಪ ನಂದಿಸಿ ಮಾರಾಯ್ರೆ

"ಲೈಟ್ ಹಾಕಿದ್ದೇವಲ್ಲ ಸಾರ್!"

ಬೋಟುಗಳ ವೈರಿಂಗ್ ನನ್ನ ಕಸುಬು. ನಮ್ಮ ಕರಾವಳಿಯ ಅಳಿವೆಗಳಲ್ಲಿ ಈ ಮಾತನ್ನು ಎಷ್ಟು ಮಾಲೀಕರ ಬಾಯಲ್ಲಿ ಕೇಳಿದ್ದೇನೋ, ಲೆಕ್ಕ ಇಟ್ಟಿಲ್ಲ. ಹಾಕಿದ್ದಾರೆ, ಸುಳ್ಳಲ್ಲ. ಜಾಸ್ತಿಯೇ ಹಾಕಿದ್ದಾರೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಮೇಲೆ ಬಿಳಿ, ಸುತ್ತ ಮದುವೆ ಮನೆಯ ಸೀರಿಯಲ್ ಸೆಟ್. ಬೋಟ್ ಮಾತ್ರ ನದಿಯ ನಡುವೆ ಲಂಗರು ಹಾಕಿ ನಿಂತಿದೆ.

ಒಂದು ಹೌಸ್‌ಬೋಟ್ ಹೀಗೇ ನಿಂತಿತ್ತು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಮೀನಿನ ದೋಣಿಯೊಂದು ಬಂದು ಅದರ ಮೂಲೆಗೆ ಉಜ್ಜಿಕೊಂಡು ಹೋಯಿತು. ಕಟಾಂಜನ ಮುರಿಯಿತು, ಲಂಗರಿನ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮರುದಿನ ರಿಪೇರಿಗೆ ನಾನು ಹೋದಾಗಲೂ ಜಗಳ ಮುಗಿದಿರಲಿಲ್ಲ. "ಅಷ್ಟು ಲೈಟ್ ಉರೀತಿತ್ತು, ನಿಮಗೆ ಕಾಣಲಿಲ್ವಾ?" ಅಂತ ಮಾಲೀಕರು. ಮೀನಿನ ದೋಣಿ ನಡೆಸುತ್ತಿದ್ದ ತಾಂಡೇಲರು ತಣ್ಣಗೆ ಹೇಳಿದರು: "ಕಂಡಿತು ಸಾರ್. ಹಸಿರು ಕಂಡಿತು. ಅದಕ್ಕೇ ನಾನು ತಿರುಗಿಸಲಿಲ್ಲ."

ತಾಂಡೇಲರ ಲೆಕ್ಕ ಸರಿಯಾಗಿಯೇ ಇತ್ತು. ಕೆಂಪು, ಹಸಿರು ಉರಿದರೆ "ನಾನು ಹೋಗ್ತಾ ಇದ್ದೇನೆ" ಎಂದರ್ಥ. ನನ್ನ ಎಡಗಡೆಯಿಂದ ಬಂದು ನನ್ನ ಮುಂದೆ ಅಡ್ಡ ದಾಟುವ ಬೋಟಿನ ಬಲಮಗ್ಗುಲು, ಅಂದರೆ ಹಸಿರು ದೀಪ, ನನಗೆ ಕಾಣುತ್ತದೆ. ಆಗ ದಾರಿ ಬಿಡಬೇಕಾದದ್ದು ಅದು. ನಾನು ನನ್ನ ಪಾಡಿಗೆ ಹೋಗಬೇಕು. ಕೆಂಪು ಕಂಡಿದ್ದರೆ ತಾಂಡೇಲರೇ ದಾರಿ ಬಿಡುತ್ತಿದ್ದರು. ಈ ಹೌಸ್‌ಬೋಟ್ ಹಸಿರು ತೋರಿಸಿ, "ನೀವು ಬನ್ನಿ, ನಾನು ಬಿಡ್ತೇನೆ" ಅಂತ ಹೇಳಿ, ನಿಂತಲ್ಲೇ ನಿಂತಿತು. ಹತ್ತಿರ ಬಂದು ನಿಜ ಗೊತ್ತಾಗುವಷ್ಟರಲ್ಲಿ ತಿರುಗಿಸಲು ಜಾಗ ಎಲ್ಲಿದೆ?

ಹಾಗಾದರೆ ಏನು ಬೇಕು? ಒಂದೇ ಒಂದು ಬಿಳಿ ದೀಪ. ಸುತ್ತಲೂ ಕಾಣಬೇಕು, ಮಿನುಗಬಾರದು. ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು ಮಾಡಿದ 1972ರ ಅಂತರರಾಷ್ಟ್ರೀಯ ನಿಯಮಗಳ 30ನೇ ನಿಯಮದಲ್ಲಿ 50 ಮೀಟರಿಗಿಂತ ಚಿಕ್ಕ ಬೋಟಿಗೆ ಇಷ್ಟು ಸಾಕು. ನಮ್ಮ ನದಿಗಳಲ್ಲಿ ಅದಕ್ಕಿಂತ ಉದ್ದದ್ದು ಎಷ್ಟಿವೆ, ಹೇಳಿ? ಹಗಲಿಗೆ ದೀಪದ ಬದಲು ಕಪ್ಪು ಚೆಂಡು ಕಟ್ಟಿ ತೋರಿಸಬೇಕು. ನದಿಗೆ ಆಯಾ ಅಧಿಕಾರಿಗಳು ಬೇರೆ ನಿಯಮ ಮಾಡಬಹುದು, ಆದರೆ ಅದೂ ಸಮುದ್ರದ ನಿಯಮಕ್ಕೆ ಆದಷ್ಟು ಹತ್ತಿರ ಇರಬೇಕು. ಈಗ 2021ರ ಒಳನಾಡು ಹಡಗು ಕಾಯ್ದೆಯೂ ಇದೆ. ಹಾಗಾಗಿ ನಾನು ಹೇಳಿದೆ ಅಂತ ಸುಮ್ಮನಿರಬೇಡಿ. ನಿಮ್ಮ ಬೋಟಿನ ಕಾಗದ ಹಿಡಿದು ಬಂದರು ಕಚೇರಿಯಲ್ಲಿ ಒಮ್ಮೆ ಕೇಳಿ.

ತಪ್ಪು ಪೂರ್ತಿ ಮಾಲೀಕರದ್ದಲ್ಲ, ನಮ್ಮ ಕಸುಬಿನವರದ್ದೂ ಇದೆ. 12 ಮೀಟರಿಗಿಂತ ಚಿಕ್ಕ ಬೋಟಿನಲ್ಲಿ ಓಡುವಾಗ ಸುತ್ತಲೂ ಕಾಣುವ ಒಂದು ಬಿಳಿ ದೀಪ, ಜೊತೆಗೆ ಕೆಂಪು, ಹಸಿರು ಇದ್ದರೆ ಆಯಿತು. ನಿಂತಾಗ ಅದೇ ಬಿಳಿ ಉಳಿಯಬೇಕು, ಬಣ್ಣದವು ಆರಬೇಕು. ಇಷ್ಟಕ್ಕೆ ಎರಡು ಸ್ವಿಚ್ ಸಾಕು. ವಯರ್ ಉಳಿಸಲು ಮೂರನ್ನೂ ಒಂದೇ ಸ್ವಿಚ್ಚಿಗೆ ಕೊಡುತ್ತಾರೆ. ಆಮೇಲೆ ಪಾಪ, ಹುಡುಗರು ಏನು ಮಾಡಬೇಕು? ಹಾಕಿದರೆ ಮೂರೂ ಉರಿಯುತ್ತವೆ, ಇಲ್ಲದಿದ್ದರೆ ಕತ್ತಲು. ದೊಡ್ಡ ಹೌಸ್‌ಬೋಟಿಗಾದರೆ ಲಂಗರು ದೀಪವನ್ನೇ ಬೇರೆ ಹಾಕಿಸಿ. ನೀರಿನ ಟ್ಯಾಂಕಿನ ಹಿಂದೆ ಅಡಗಿಸಬೇಡಿ. ಉಬ್ಬರ ಇಳಿತಕ್ಕೆ ಬೋಟ್ ರಾತ್ರಿಯಲ್ಲಿ ಮೂತಿ ತಿರುಗಿಸುತ್ತದೆ. ಸಂಜೆ ಕಡಲ ಕಡೆ ಕಾಣುತ್ತಿದ್ದ ದೀಪ ನಡುರಾತ್ರಿ ಟ್ಯಾಂಕಿನ ಮರೆಗೆ ಹೋಗಿರುತ್ತದೆ.

ಬ್ಯಾಟರಿ ಇಳಿಯುತ್ತದೆ ಅನ್ನುತ್ತಾರೆ. 12 ವೋಲ್ಟಿಗೆ 2 ವ್ಯಾಟಿನ ಎಲ್‌ಇಡಿ 12 ಗಂಟೆ ಉರಿದರೆ 2 ಆಂಪಿಯರ್-ಅವರ್ ಅಷ್ಟೇ. ಸೀರಿಯಲ್ ಸೆಟ್ಟಿಗೆ ಮಾತ್ರ ಬ್ಯಾಟರಿ ಇರುತ್ತದೆ, ಅಲ್ವಾ? ಇನ್ನು ಕೆಲವರು ಕಾನೂನು ಓದಿಕೊಂಡು ಬರುತ್ತಾರೆ. "7 ಮೀಟರಿಗಿಂತ ಚಿಕ್ಕದಕ್ಕೆ ಬೇಡ ಸಾರ್." ಅರ್ಧ ಓದಿದ್ದಾರೆ. ಇಕ್ಕಟ್ಟಾದ ಕಾಲುವೆ, ಬೋಟುಗಳು ಓಡಾಡುವ ದಾರಿ, ಲಂಗರು ಹಾಕುವ ಜಾಗ, ಇವುಗಳ ಹತ್ತಿರ ಈ ವಿನಾಯಿತಿ ಇಲ್ಲ. ನಮ್ಮ ಅಳಿವೆಯಲ್ಲಿ ಇವು ಮೂರೂ ಇಲ್ಲದ ಜಾಗ ಎಲ್ಲಿದೆ, ತೋರಿಸಿ.

ನಾನು ಕೆಲಸ ಕಲಿಯುವಾಗ ಕಡವಿನ ಅಜ್ಜ ಒಬ್ಬರಿದ್ದರು. ದೋಣಿ ನಿಲ್ಲಿಸಿದರೆ ಒಂದು ಗಳದ ತುದಿಗೆ ಲಾಟೀನು ಕಟ್ಟುತ್ತಿದ್ದರು. ಸುತ್ತಲೂ ಕಾಣುತ್ತಿತ್ತು, ಮಿನುಗುತ್ತಿರಲಿಲ್ಲ. ನಿಯಮ ಕೇಳುವ 2 ನಾಟಿಕಲ್ ಮೈಲಿ ದೂರಕ್ಕೆ ಅದು ಕಾಣುತ್ತಿರಲಿಕ್ಕಿಲ್ಲ, ಹಾಗಾಗಿ ಈಗ ಯಾರೂ ಲಾಟೀನು ಹುಡುಕಿಕೊಂಡು ಹೋಗಬೇಡಿ. ಆದರೆ ದೂರದಿಂದ ನೋಡಿದವರಿಗೆ ಗೊಂದಲ ಇರಲಿಲ್ಲ.

ಆ ಹೌಸ್‌ಬೋಟಿಗೆ ಬೇರೆ ಸ್ವಿಚ್ ಹಾಕಿಕೊಟ್ಟೆ. ವಾರ ಕಳೆದು ಮಾಲೀಕರ ಫೋನ್ ಬಂತು. "ಸಾರ್, ಕೆಂಪು, ಹಸಿರು ಬೇಡ, ಸರಿ. ಟೂರಿಸ್ಟುಗಳು ಕೇಳ್ತಾರೆ, ಸುತ್ತ ನೀಲಿ ಹಾಕಬಹುದಾ?"

ಒಳಗಿನ ಕೋಣೆಯಲ್ಲಿ ಪರದೆ ಎಳೆದುಕೊಂಡು ಯಾವ ಬಣ್ಣ ಬೇಕಾದರೂ ಹಾಕಿ ಅಂದೆ.